ಉಮಾವತಿಯ ಮುಖ ಪರಿಶೀಲನೆ

ಕೊಲ್ಲಿ ದೇಶದ ಖಸಬ್ ಬಂದರಿನಲ್ಲಿ ದೋಣಿ ಎಂಜಿನ್‌ಗಳ ಬಿಡಿಭಾಗ ಮಾರುವ ಅಂಗಡಿಯೊಂದರ ಸ್ಟೋರ್‌ಕೀಪರ್ ಗುರುವ ಹೆಂಡತಿಯ ಮುಖ ನೋಡಿ ಹದಿನಾಲ್ಕು ತಿಂಗಳಾಗಿತ್ತು. ಊರಲ್ಲಿದ್ದ ಉಮಾವತಿ ಫೋನಿನಲ್ಲಿ ಮಾತಾಡುತ್ತಿದ್ದಳು, ಅತ್ತೆಯ ಮಂಡಿನೋವು, ಮೀನಿನ ರೇಟು ಎಲ್ಲ ಹೇಳುತ್ತಿದ್ದಳು. ಕ್ಯಾಮೆರಾ ಮಾತ್ರ ಹಾಕುತ್ತಿರಲಿಲ್ಲ. ಅವಳ ಬಳೆ ಮಾರಿದ ದುಡ್ಡನ್ನು ಅವನು ಮೊಬೈಲ್ ಕ್ಯಾಸಿನೊದಲ್ಲಿ ಕಳೆದ ದಿನವೇ ಹೇಳಿಬಿಟ್ಟಿದ್ದಳು: "ನೀವು ಆಟ ಬಿಟ್ಟ ದಿನ ಮುಖ ತೋರಿಸ್ತೇನೆ."

ಗುರುವ ಆಗ ಮನೆಯ ದೈವದ ಮೇಲೆ ಆಣೆ ಹಾಕಿದ: ಇನ್ನು ತನ್ನ ಹೆಸರಲ್ಲಿ ಒಂದು ಪೈಸೆ ಆಡುವುದಿಲ್ಲ. ಚಾಪೆ ಕೆಳಗೆ ತೂರಬೇಡ ಎಂದರೆ ರಂಗೋಲಿ ಕೆಳಗೆ ತೂರುವ ಆಸಾಮಿ. ತಿಂಗಳೊಳಗೆ ಹೆಂಡತಿಯ ಹೆಸರಲ್ಲಿ ಖಾತೆ ತೆರೆದ. ಫ್ಯಾಮಿಲಿ ವೀಸಾಕ್ಕೆಂದು ತರಿಸಿಕೊಂಡಿದ್ದ ಅವಳ ಪಾಸ್‌ಪೋರ್ಟಿನ ಪ್ರತಿ ಫೋನಿನಲ್ಲೇ ಇತ್ತು. ಆಣೆಯೂ ಮುರಿಯಲಿಲ್ಲ, ಆಟವೂ ನಿಲ್ಲಲಿಲ್ಲ. ದೈವ ಒಪ್ಪಿತೋ ಇಲ್ಲವೋ, ಕೇಳಿದವರಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಎರಡು ಸಾವಿರ ರಿಯಾಲ್ ಗೆದ್ದ. ಉಮಾವತಿಯನ್ನು ಕರೆಸಿಕೊಂಡು ಒಂದು ಕೋಣೆಯ ಮನೆ ಹಿಡಿಯಲು ಅಷ್ಟು ಧಾರಾಳ ಸಾಕು. ಹಣ ತೆಗೆಯಲು ಒತ್ತಿದರೆ ಸೂಚನೆ ಬಂತು: ಖಾತೆದಾರರು ಹತ್ತು ನಿಮಿಷದೊಳಗೆ ಈ ಲಿಂಕ್ ತೆರೆದು, ಪಾಸ್‌ಪೋರ್ಟ್ ಹಿಡಿದು, ಕ್ಯಾಮೆರಾದ ಮುಂದೆ ಮುಖವನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು.

ಬೇರೆ ದಾರಿ ಕಾಣದೆ ಅವಳಿಗೇ ಫೋನ್ ಮಾಡಿ ಎಲ್ಲ ಒದರಿದ. ಉಮಾವತಿ ಬೈಯಲಿಲ್ಲ.

"ಮುಖ ಯಾರಿಗೆ ಬೇಕು?" ಎಂದಳು.

"ಕಂಪೆನಿಯವರಿಗೆ."

"ನಿಮಗೆ ಬೇಡವಾ?"

"ಮೊದಲು ಅವರದ್ದು ಮುಗಿಸು ಮಾರಾಯ್ತಿ, ಇನ್ನು ಆರೇ ನಿಮಿಷ ಉಂಟು!"

"ಲಿಂಕ್ ಕಳಿಸಿ," ಎಂದಳು.

ಇನ್ನೊಂದೇ ನಿಮಿಷ ಉಳಿದಿರುವಾಗ ಕಂಪೆನಿಯ ಉತ್ತರ ಬಂತು: ಮುಖ ಹೊಂದಿಕೆಯಾಗಿದೆ, ನಾಳೆ ಹಣ ಸೇರುತ್ತದೆ, ಅಭಿನಂದನೆಗಳು ಉಮಾವತಿ. ಗುರುವ ಕೂಡಲೇ ವಿಡಿಯೊ ಕಾಲ್ ಮಾಡಿದ. ಅವಳು ಎತ್ತಿದಳು, ಕ್ಯಾಮೆರಾ ಹಾಕಲಿಲ್ಲ.

"ಒಮ್ಮೆ ಮುಖ ತೋರಿಸು ಉಮಾ."

"ತೋರಿಸಿ ಆಯ್ತಲ್ಲ."

"ನನಗೆ."

"ನಿಮಗೆ ಬೇಕು ಅಂತ ನೀವು ಹೇಳಲೇ ಇಲ್ಲ. ಅವತ್ತು ಬಳೆ ಇಟ್ರಿ. ಇವತ್ತು ನನ್ನನ್ನೇ ಪಣಕ್ಕಿಟ್ರಿ." ಫೋನ್ ಇಟ್ಟಳು. ಮತ್ತೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಗುರುವನಿಗೆ ಹೊಟ್ಟೆ ಉರಿಯಿತು. ಎಲ್ಲೋ ಕುಳಿತ ಯಾರೋ ಅವಳನ್ನು ನೋಡಿದ್ದರು. ಸೊರಗಿದ್ದಾಳೋ, ಕೂದಲು ನರೆತಿದೆಯೋ, ಕಣ್ಣಲ್ಲಿ ನೀರಿತ್ತೋ, ಅವರಿಗೆ ಗೊತ್ತು. ತಾಳಿ ಕಟ್ಟಿದ ತನಗೆ ಗೊತ್ತಿಲ್ಲ. ಎರಡು ಸಾವಿರ ರಿಯಾಲ್ ಒಮ್ಮೆಲೇ ಸಪ್ಪೆಯಾಯಿತು. ಅವಳು ಬೇಕು ಅನ್ನಿಸಿತು, ಈಗಲೇ, ಕಣ್ಣೆದುರು.

ಕ್ಯಾಸಿನೊದ ಸಹಾಯವಾಣಿಗೆ ತನಗೆ ಬರುವ ಇಂಗ್ಲಿಷಿನಲ್ಲೇ ಬರೆದ: "ಈಗ ಬಂದ ವಿಡಿಯೊ ನನಗೊಮ್ಮೆ ಕಳಿಸಿ. ಅವಳು ನನ್ನ ಹೆಂಡತಿ."

ವಿಕ್ಟೋರಿಯಾ ಎಂಬ ಹೆಸರಿನಿಂದ ಉತ್ತರ ಬಂತು: "ಹಾಗಾದರೆ ನೀವು ಉಮಾವತಿ ಅಲ್ಲವೇ?"

ತಮಾಷೆಗೆ ಬರೆದೆ ಎಂದರೆ ಹಣ ಉಳಿಯುತ್ತಿತ್ತು. ಸುಳ್ಳು ಅವನಿಗೆ ಹೊಸದೂ ಅಲ್ಲ.

"ಅಲ್ಲ. ನಾನು ಗಂಡ ಗುರುವ. ಆಡಿದ್ದು ನಾನೇ."

"ಬೇರೆಯವರ ಹೆಸರಿನಲ್ಲಿ ಆಡಿದ ಕಾರಣ ಖಾತೆ ಮುಚ್ಚಿದ್ದೇವೆ. ಗೆದ್ದ ಹಣ ಸಿಗುವುದಿಲ್ಲ. ಗ್ರಾಹಕರ ಮುಖವನ್ನು ಬೇರೆಯವರಿಗೆ ತೋರಿಸುವಂತೆಯೂ ಇಲ್ಲ."

ಗುರುವ ಕಣ್ಣೊರೆಸಿಕೊಂಡು ಮತ್ತೆ ಬರೆದ: "ದುಡ್ಡು ನೀವೇ ಇಟ್ಟುಕೊಳ್ಳಿ. ವಿಡಿಯೊವೂ ಬೇಡ. ಅವಳು ಹೇಗಿದ್ದಾಳೆ, ಅಷ್ಟು ಹೇಳಿ."