ಬೈಲಪ್ಪನವರ ಗೋಡೆ ಫ್ಯಾನು

ಶಿವಾಜಿನಗರದ ಮನೆಯಲ್ಲಿ ದಿಂಬು ಬಡಿದರೂ ಪಕ್ಕದವರು ಗೋಡೆ ತಟ್ಟುತ್ತಾರೆ. ಹಾಗಾಗಿ ಶಿರೀನ್ ಡ್ರಮ್ಸ್ ಬಾರಿಸಬೇಕೆಂದರೆ ಜೀವನ್ ಬಿಮಾ ನಗರದ ಬೈಲಪ್ಪನವರ ನೆಲಮಾಳಿಗೆಗೇ ಹೋಗಬೇಕು. ಬಾಡಿಗೆ ಸ್ಟುಡಿಯೋ ಎಂದು ಬೋರ್ಡೇನೋ ಇದೆ. ಗೋಡೆಗೆ ಹಳೇ ಹಾಸಿಗೆ, ಮೊಟ್ಟೆ ಟ್ರೇ ಬಡಿದಿದ್ದಾರೆ, ಅಷ್ಟೇ. ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ದಿನವಿಡೀ ಬಾಯಿ ಬಿಗಿದು ಕೂರುವ ಈ ಹೆಂಗಸು ನಲವತ್ತು ದಾಟಿದ ಮೇಲೆ ಕೋಲು ಹಿಡಿದವಳು. ಹಿಡಿದದ್ದನ್ನು ಬಿಡುವ ಪೈಕಿಯವಳಲ್ಲ.

ಇವತ್ತು ಜೊತೆಗೆ ಅದೇ ಕಾರ್ಖಾನೆಯ ಇಬ್ಬರು ಬಂದಿದ್ದರು: ಗಿಟಾರಿನ ಆನಂದ್, ಹಾಡುವ ರಮ್ಯ. ಭಾನುವಾರ ಕಾರ್ಖಾನೆಯ ವಾರ್ಷಿಕೋತ್ಸವ. ಆನಂದ್ ಮುಚ್ಚುಮರೆಯಿಲ್ಲದೆ ಹೇಳಿದ್ದ: "ಮೇಡಂ, ಇವತ್ತು ಸ್ಪೀಡ್ ಹೆಚ್ಚುಕಮ್ಮಿ ಆದ್ರೆ ಬೇಜಾರ್ ಮಾಡ್ಕೋಬೇಡಿ. ಭಾನುವಾರ ಲ್ಯಾಪ್‌ಟಾಪ್‌ನಲ್ಲಿರೋ ಡ್ರಮ್ಸ್ ಹಾಕ್ಕೊಂಡು ಹಾಡ್ತೀವಿ."

ಹಾಡು ಶುರುವಾಯಿತು. ಅಯ್ಯೋ, ಆ ಪಾಡು ಏನು ಹೇಳಲಿ. ಪಲ್ಲವಿ ಮುಗಿಯುವಷ್ಟರಲ್ಲಿ ಶಿರೀನ್ ಬಸ್ಸಿನ ಹಿಂದೆ ಓಡುವವಳಂತೆ ಓಡುತ್ತಿದ್ದಳು. ಚರಣಕ್ಕೆ ಬಂದರೆ ತೆವಳುತ್ತಿದ್ದಳು. ರಮ್ಯ ಉಸಿರು ಸಾಲದೆ ನಿಂತುಬಿಟ್ಟಳು. ಎರಡನೇ ಸಲವೂ ಅದೇ ಗತಿ. ಆನಂದ್ ಲ್ಯಾಪ್‌ಟಾಪ್ ತೆರೆದ. ಶಿರೀನ್ ಕೈಯಲ್ಲಿದ್ದ ಕೋಲುಗಳನ್ನೇ ತಿರುಗಿಸಿ ನೋಡಿದಳು. ಹೋದ ವಾರ ಒಬ್ಬಳೇ ಇದ್ದಾಗ ಇದೇ ಹಾಡು ನೀಟಾಗಿ ಬಂದಿತ್ತಲ್ಲ.

ಅಷ್ಟರಲ್ಲಿ ಬೈಲಪ್ಪನವರು ಟೀ ಹಿಡಿದು ಬಂದರು. "ಹೆಂಗೈತಮ್ಮ ಫ್ಯಾನು? ನಿಮ್ಮೋರು ಬರ್ತಾರೆ ಅಂತ ಬೆಳಿಗ್ಗೆ ನಾನೇ ಎಣ್ಣೆ ಬಿಟ್ಟು ಸ್ಕ್ರೂ ಟೈಟ್ ಮಾಡ್ದೆ. ಸದ್ದೇ ಇಲ್ಲ ನೋಡಿ."

ಶಿರೀನ್ ತಲೆಯೆತ್ತಿದಳು. ಎದುರು ಗೋಡೆಯ ಹಳೇ ಫ್ಯಾನು ಅಲ್ಲಾಡದೆ ಸುತ್ತುತ್ತಿತ್ತು. ಇಷ್ಟು ತಿಂಗಳೂ ಅದು ಟಕ್, ಟಕ್ ಎಂದು ಗೋಣು ಆಡಿಸಿದ ಹಾಗೆ ಇವಳು ಬಾರಿಸಿದ್ದಳು. ಲಯ ತನ್ನದೆಂದು ಬೀಗಿದ್ದಳು, ಅದು ಫ್ಯಾನಿನದು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಬಚ್ಚಿಡದೆ ಹೇಳಿಯೇಬಿಟ್ಟಳು.

ರಮ್ಯ ಬಿದ್ದು ಬಿದ್ದು ನಕ್ಕಳು. ಬೈಲಪ್ಪನವರ ಮುಖ, ಪಾಪ, ಸಣ್ಣಗಾಯಿತು. "ಸ್ಕ್ರೂ ಮತ್ತೆ ಸಡಿಲ ಮಾಡ್ಲೇನಮ್ಮ?"

"ಬೇಡ ಬೈಲಪ್ಪೋರೆ. ಭಾನುವಾರ ಸ್ಟೇಜ್ ಮೇಲೆ ನಿಮ್ ಫ್ಯಾನ್ ಹೊತ್ಕೊಂಡು ಹೋಗಕ್ಕಾಗುತ್ತಾ?" ಕಣ್ಣು ಅತ್ತ ಹೋಗುವುದೇ ಬೇಡವೆಂದು ಶಿರೀನ್ ಎದ್ದು ಫ್ಯಾನ್ ಆರಿಸಿದಳು. "ಆನಂದ್, ಇನ್ನೊಂದ್ಸಲ."

"ಸೆಕೆ, ಮೇಡಂ."

"ಇರ್ಲಿ."

ಬಾಯಿಬಿಟ್ಟು ಎಣಿಸಲು ಅವಳಿಗೆ ಯಾವಾಗಲೂ ಸಂಕೋಚ. ಆ ಸಂಕೋಚ ಹಾಳಾಗಿ ಹೋಗಲಿ ಎಂದುಕೊಂಡು, ಮನೆಯಲ್ಲಿ ಆಡುವ ದಖನಿ ಉರ್ದುವಿನಲ್ಲೇ ಗಟ್ಟಿಯಾಗಿ ಶುರುಮಾಡಿದಳು: "ಏಕ್, ದೋ, ತೀನ್, ಚಾರ್." ಪಲ್ಲವಿಯುದ್ದಕ್ಕೂ ಎಣಿಸಿದಳು. ಚರಣದಲ್ಲಿ ಕೈ ಓಡಲು ನೋಡಿತು. ದನಿ ಏರಿಸಿ ಹಿಡಿದು ನಿಲ್ಲಿಸಿದಳು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಕೊನೆಯ ಸಾಲಿನಲ್ಲಿ ರಮ್ಯಳ ದನಿ, ಆನಂದನ ಗಿಟಾರ್, ಇವಳ ಏಟು ಮೂರೂ ಒಟ್ಟಿಗೆ ನಿಂತವು.

ಆನಂದ್ ಲ್ಯಾಪ್‌ಟಾಪ್ ಮಡಚಿ ಚೀಲಕ್ಕೆ ತುರುಕಿದ. ಅವನ ಅಂಗಿ ಬೆನ್ನಿಗೆ ಅಂಟಿತ್ತು. "ಈಗಾದ್ರೂ ಫ್ಯಾನ್ ಹಾಕ್ಲಾ, ಮೇಡಂ?"

"ಮುಟ್ಬೇಡಿ," ಎಂದು ಶಿರೀನ್ ಮತ್ತೆ ಕೋಲೆತ್ತಿದಳು. "ಏಕ್, ದೋ..."