ಶಿವಕಾಂತಮ್ಮನ ಗುಂಡಗಡಗಿ

ಪಡಸಾಲೆಯಲ್ಲಿ ಕುಳಿತ ಯಾರಾದರೂ ನಾಗೇಂದ್ರಪ್ಪನವರನ್ನು "ನಿಮ್ಮ ಮನಿಯವರ ತಬ್ಯೇತ ಈಗ ಹ್ಯಾಂಗದರಿ?" ಎಂದು ಹೆಂಡತಿಯ ಆರೋಗ್ಯ ಕೇಳಿದರೆ ಸಾಕು, ಒಳಗಿನಿಂದ ಟಣ್ ಟಣ್ ಎಂಬ ಬೆಳ್ಳಿಯ ಸದ್ದು ಹೊರಡುತ್ತಿತ್ತು. ಎದೆಯ ಮೇಲೆ ಇಳಿಬಿದ್ದ, ಇಷ್ಟಲಿಂಗವನ್ನು ಒಳಗಿಟ್ಟುಕೊಂಡ ಗುಂಡಗಡಗಿಯನ್ನು ಶಿವಕಾಂತಮ್ಮ ಉಂಗುರದ ಬೆರಳಿನಿಂದ ಬಡಿಯುವ ಸದ್ದು ಅದು. ಬೆನ್ನಿಗೇ ತಲೆಯ ಮೇಲೆ ಸೆರಗೆಳೆದುಕೊಳ್ಳುತ್ತ ಆಕೆ ಬಾಗಿಲಿಗೆ ಬಂದು ನಿಲ್ಲುವಳು. "ತಬ್ಯೇತ ನಂದದ. ನನ್ನ ಕೇಳ್ರಿ."

ರಾವೂರಿನ ಹಿರಿಯರಿಗೆ ಇದು ಉದ್ಧಟತನವೆನಿಸಿತು. ಗೋಡೆಯ ಮಗ್ಗುಲು ಹಿಡಿದು ನಡೆಯುವ ಹೆಂಗಸರ ಊರಿನಲ್ಲಿ ಈಕೆ ದಾರಿಯ ನಡುವೆ ದಾಪುಗಾಲು ಹಾಕುವವಳು, ಎಡಭುಜ ತುಸು ಮುಂದೆ, ಬಾಗಿಲು ನೂಕಲು ಹೊರಟವಳಂತೆ. ಆದರೆ ಉದ್ಧಟತನ ಯಾರದು? ಹೈದರಾಬಾದಿನ ಪೊಲೀಸ್ ಆ್ಯಕ್ಷನ್ ಮುಗಿದು ಊರೂರಲ್ಲಿ ಹೊಸ ಸರ್ಕಾರದ, ಹೊಸ ಹಕ್ಕುಗಳ ಮಾತು ಕೇಳಿಬರುತ್ತಿದ್ದ ಆ ವರ್ಷಗಳಲ್ಲಿ, ಈ ಒಬ್ಬ ಹೆಂಗಸಿನ ಎದೆಯ ಮೇಲೆ ಗಂಡಸರು ನಡೆಸಿದ ಪಂಚಾಯಿತಿಯನ್ನು ಬಲ್ಲವರು ಆ ಪದವನ್ನು ಆಕೆಗೆ ಅಂಟಿಸಲಾರರು.

ಎಡ ಮೊಲೆಯಲ್ಲಿ ಗಂಟೊಂದು ಕೈಗೆ ಹತ್ತಿದಾಗ ಆಕೆ ಹೇಳಿದ್ದು ಗಂಡನಿಗೆ. ಗಂಡ ಕೇಳಿದ್ದು ಮನೆಗೆ ಬರುವ ಜಂಗಮ ಗುರುಲಿಂಗಯ್ಯನವರನ್ನು. ಅಯ್ಯನವರು ಕಣ್ಣು ಮುಚ್ಚಿ ಯೋಚಿಸಿ, "ಗುಂಡಗಡಗಿ ಭಾರಾಗ್ಯದ. ತಿಕ್ಕಿ ತಿಕ್ಕಿ ಬಾತದ, ಶಿವದಾರ ಉದ್ದ ಮಾಡ್ರಿ" ಎಂದರು. ದಾರ ಉದ್ದವಾಯಿತು. ಗಂಟು ಬೆಳೆಯಿತು. ಪತ್ತಾರನನ್ನು ಕೇಳಿದರು, ಅವನು ಬೆಳ್ಳಿ ಕರಗಿಸಿ ಹಗುರ ಮಾಡಿಕೊಟ್ಟ. ಗಂಟು ಇನ್ನೂ ಬೆಳೆಯಿತು. ದಾರ ಮತ್ತೆ ಉದ್ದವಾಗಿ, ಎದೆಯ ಮೇಲಿರಬೇಕಾದ ಲಿಂಗ ಹೊಟ್ಟೆಗಿಳಿದು, ರೊಟ್ಟಿ ಬಡಿಯುವಾಗ ಹಿಟ್ಟು ನಾದುವ ಕೊಣಮಿಗೆಗೆ ತಾಕತೊಡಗಿತು. ಅಯ್ಯನವರನ್ನು ಕೇಳಿದರು, ಪತ್ತಾರನನ್ನು ಕೇಳಿದರು, ಚಿತ್ತಾಪುರದಲ್ಲಿದ್ದ ಭಾವನನ್ನು ಕರೆಸಿ ಕೇಳಿದರು. ಮೊಲೆ ಯಾರ ಮೈಮೇಲಿತ್ತೋ ಅವಳೊಬ್ಬಳನ್ನು ಬಿಟ್ಟು!

ಕೊನೆಗೆ ಶಹಾಬಾದಿನ ಒಬ್ಬ ಡಾಕ್ಟರರ ಬಳಿ ಕರೆದೊಯ್ದರು. ನಾಗೇಂದ್ರಪ್ಪ ಪರಸಿ ಕಲ್ಲಿನ ವ್ಯಾಪಾರಿ. ಹಾಸುಗಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದರಾಚೆಯ ಗಟ್ಟಿ ಕಲ್ಲನ್ನು ಒಂದು ಗೇಣು ಸೇರಿಸಿಯೇ ಕಡಿಸುವವರು. ಬಿರುಕಿನ ಅಂಚಿಗೆ ಉಳಿಯಿಟ್ಟ ಕೆಲಸಗಾರನಿಗೆ ಅವರ ಬೈಗುಳ ಇಡೀ ಗಣಿಗೆ ಕೇಳಿಸುತ್ತಿತ್ತು. ಅದೇ ಮನುಷ್ಯ ಪರದೆಯ ಆಚೆ ಕುಳಿತು ಡಾಕ್ಟರರಿಗೆ ಹೇಳಿದ ಮಾತು ಈಚೆ ಕುಳಿತಿದ್ದ ಹೆಂಡತಿಗೆ ಕೇಳಿಸಿತು. "ಗಂಟ ಇಷ್ಟ ತಗೀರಿ ಡಾಕ್ಟರ್ ಸಾಬ್. ಬಾಕಿದ್ದು ಹಾಂಗೇ ಇರ್ಲಿ. ಇನ್ನಾ ಹರೇದಾಕಿ."

ಡಾಕ್ಟರರೂ ಗಂಡಸೇ, ಅರ್ಥ ಮಾಡಿಕೊಂಡರು. ಕಾಯಿಯ ಸಿಪ್ಪೆ ಸುಲಿದಂತೆ ಗಂಟನ್ನಷ್ಟೇ ಬಿಡಿಸಿ ತೆಗೆದು, ನಾಜೂಕಾಗಿ ಹೊಲಿದರು. ನಾಗೇಂದ್ರಪ್ಪ ಆ ಹೊಲಿಗೆಯನ್ನು ಬಂದ ನೆಂಟರೆದುರು ಹೊಗಳಿದರು. ವರ್ಷ ತುಂಬುವುದರೊಳಗೆ ಆ ಚಂದದ ಹೊಲಿಗೆಯ ಅಡಿಯಿಂದಲೇ ಗಂಟು ಎದ್ದಿತು, ಮೊದಲಿನ ಇಮ್ಮಡಿ. ಚರ್ಮ ಬಿಗಿದು ಮಿರುಗುತ್ತಿತ್ತು, ನೀಲಿ ನರಗಳು ತೇಲಿ ಬಂದಿದ್ದವು. ಗುರುಲಿಂಗಯ್ಯನವರು ಮತ್ತೆ ದಾರದ ಮಾತೆತ್ತಿದಾಗ ಶಿವಕಾಂತಮ್ಮ ಒಳಗಿನಿಂದಲೇ ಹೇಳಿದಳು: "ಇನ್ನೆಷ್ಟು ಉದ್ದ ಮಾಡ್ಲೆಪ್ಪಾ? ಲಿಂಗ ನೆಲಕ್ಕ ಹತ್ತೋ ತನಕಾನಾ?"

ಪಕ್ಕದ ಮನೆಯ ಇಮಾಮ್ಬೀಗೆ ಹೈದರಾಬಾದಿನಲ್ಲಿ ತಮ್ಮನಿದ್ದ. ಬಾಯಲ್ಲಿ ಎಲೆ-ಅಡಿಕೆ ಇಲ್ಲದೆ ಆಕೆಯ ಮಾತು ಹೊರಡದು, ಹೊರಟರೆ ನಿಲ್ಲದು. ಆಕೆಯೇ ಹಟ ಹಿಡಿದು ಗಂಡ ಹೆಂಡತಿಯನ್ನು ವಾಡಿಯಲ್ಲಿ ರೈಲು ಹತ್ತಿಸಿ, ತಾನೂ ಹತ್ತಿ, ಒಂದು ದೊಡ್ಡ ದವಾಖಾನೆಯ ಲೇಡಿ ಸರ್ಜನ್ ಮುಂದೆ ಕೂಡಿಸಿದಳು. ಸರ್ಜನ್ ಉರ್ದುವಿನಲ್ಲಿ ಹೇಳಿದ್ದನ್ನು ಇಮಾಮ್ಬೀ ತನ್ನ ಮಾತಿನಲ್ಲಿ ಇಳಿಸಿದಳು: "ಇದು ಭಾಳ ಅಪರೂಪದ್ದು ಅಂತ, ಬೇಟಿ. ಕೊಯ್ದು ನೋಡಿದ್ರ ಒಳಗ ಪತ್ತಾಗೋಬಿ ಹಂಗ ಎಲಿ ಎಲಿ ಇರ್ತಾವಂತ. ಬಗಲಿಗೆ ಹಬ್ಬೋದು ಕಮ್ಮಿ, ಅದಕ್ಕ ಬಗಲು ಕೊಯ್ಯಾಂಗಿಲ್ಲ. ಖರೆ ಅದರ ಸುತ್ತ ಛಲೋ ಮಾಂಸ ಅಗಲಕ್ಕ ತಗೀಲಿಲ್ಲಂದ್ರ ಮತ್ತ ಬರ್ತದ. ಮೊದಲನೇ ಸಲಾನೇ ಹಾಂಗ ಮಾಡಿದ್ರ ಅರ್ಧಾ ಉಳೀತಿತ್ತು. ಈಗ ಉಳಿಸ್ಲಿಕ್ಕ ಜಾಗಾನೇ ಇಲ್ಲ, ಪೂರಾ ತಗೀಬೇಕು. ತಗದ್ರ ನೀ ಉಳೀತಿ ಅಂತಾಳ."

ಇಷ್ಟನ್ನು ತಿಳಿಯಾಗಿ ವಿವರಿಸಿದ ಆ ಸರ್ಜನ್, ಹೆಣ್ಣು, ಓದಿದವಳು, ಮರುಕ್ಷಣ ಮಾಡಿದ್ದೇನು? ಕುರ್ಚಿಯನ್ನು ಗಂಡನ ಕಡೆ ತಿರುಗಿಸಿ, "ಕಹಿಯೇ, ಕ್ಯಾ ಕರೇಂ?" ಎಂದು, ಏನು ಮಾಡೋಣ ಹೇಳಿ ಎಂದು, ಕೇಳಿದಳು.

ನಾಗೇಂದ್ರಪ್ಪ ಮೀಸೆ ಒರೆಸಿಕೊಂಡರು. "ಊರಿಗಿ ಹೋಗಿ, ನಾಕು ಮಂದಿಗಿ ಕೇಳಿ ಬರ್ತೀವ್ರಿ."

"ಪರಸಿಗೆ ಬಿರುಕು ಬಿದ್ರ ನಾಕು ಮಂದಿಗಿ ಕೇಳ್ತೀರೇನ್ರಿ ಸಾಹುಕಾರ್ರೆ?" ಎಂದಳು ಇಮಾಮ್ಬೀ. "ಗೇಣು ಬಿಟ್ಟು ಕಡೀರಿ ಅಂತ ಒದರ್ತೀರಿ. ನಮ್ಮ ಮನೀತನಕ ಕೇಳಸ್ತದ."

ಆಗ ಮೊದಲ ಸಲ ಆ ಸದ್ದು ಬಂತು. ಟಣ್ ಟಣ್. "ಬಾಯೀ, ಇತ್ತಾಗ ತಿರಗ್ರಿ," ಎಂದಳು ಶಿವಕಾಂತಮ್ಮ. "ನನ್ನ ಕೇಳ್ರಿ. ಪೂರಾ ತಗೀರಿ."

"ಹಂಗಾದ್ರ ಮನಿಗಿ ಬರಬ್ಯಾಡ," ಎಂದು ಗಂಡ ಎದ್ದು ನಿಂತರು.

"ಬರೋದು ಆಮ್ಯಾಗ ನೋಡೂಣ್ರಿ. ಮೊದಲ ಉಳೀಬೇಕಲ್ಲ."

ಸರ್ಜನ್‌ಗೆ ಕನ್ನಡ ಬಾರದು. ಆದರೂ ಆಕೆಯ ಮುಖ ಕೆಂಪೇರಿತು. ಕುರ್ಚಿ ತಿರುಗಿಸಿ, ಕೇಳಬೇಕಾದವಳನ್ನು ಕೇಳಿದಳು.

ಶಸ್ತ್ರಚಿಕಿತ್ಸೆಯ ಬೆಳಗ್ಗೆ ನರ್ಸ್ ಗುಂಡಗಡಗಿ ಬಿಚ್ಚಲು ಬಂದಳು. ಪ್ರಾಣ ಹೋದರೂ ಲಿಂಗ ಮೈ ಬಿಡಬಾರದೆಂದು ಅಯ್ಯನವರು ಹೇಳಿ ಕಳಿಸಿದ್ದರು. ಲಿಂಗಕ್ಕೆ ಎದೆಯೊಂದೇ ಠಾವೆಂದು ಆಕೆಗೆ ಯಾವ ಶರಣರೂ ಹೇಳಿರಲಿಲ್ಲ. "ಬಲಗೈಗಿ ಕಟ್ರಿ, ಅದೂ ನನ್ನ ಮೈಯ್ಯೇ" ಎಂದಳು. ಬೆಳ್ಳಿಯನ್ನು ಇಮಾಮ್ಬೀಯ ಮಡಿಲಿಗೆ ಹಾಕಿ, ಲಿಂಗವನ್ನು ಬಿಳಿಯ ಪಟ್ಟಿಯಲ್ಲಿ ಸುತ್ತಿ ಮುಂಗೈಗೆ ಕಟ್ಟಿದರು. ಹಾಗೆಯೇ ಆಕೆ ನಿದ್ದೆಗೆ ಜಾರಿದಳು, ಹಾಗೆಯೇ ಎದ್ದಳು.

ಮನೆಗೆ ಬರಬೇಡವೆಂದವರು ಬಾಗಿಲು ಹಾಕಲಿಲ್ಲ. ಊರೇನಂದೀತೆಂಬ ಭಯ ಅವರಿಗೂ ಇತ್ತು. ಊರು ಮಾತ್ರ ತನ್ನ ಪಾಲಿನದನ್ನು ಅಂದೇ ಅಂದಿತು. ನೆರೆಯ ಭಾಗಮ್ಮ ಹತ್ತಿಯ ಉಂಡೆ ತಂದು, "ಕುಬಸದಾಗ ಇಟ್ಕೋ ತಂಗಿ, ಮಂದಿ ನೋಡ್ತಾರ" ಎಂದಳು. ಶಿವಕಾಂತಮ್ಮ ಅದನ್ನು ದೀಪದ ಬತ್ತಿ ಹೊಸೆಯಲು ಇಟ್ಟುಕೊಂಡಳು. "ಇದ್ದಾಗ ಮುಚ್ಚು ಅಂದ್ರಿ, ಇಲ್ಲದಾಗ ತೋರ್ಸು ಅಂತೀರಿ. ಯಾವುದಾರ ಒಂದು ಹೇಳ್ರಿ ಯಕ್ಕಾ!" ಅಂದೇ ಶಿವದಾರವನ್ನು ಗಂಟು ಹಾಕಿ ಮೊದಲಿನಷ್ಟಕ್ಕೆ ಮೋಟು ಮಾಡಿದಳು. ಗುಂಡಗಡಗಿ ಸಪಾಟಾದ ಎದೆಯ ಮೇಲೆ ಬಂದು ಕುಳಿತಿತು.

ಇಂಥ ಹೆಂಗಸರನ್ನು ನಮ್ಮ ಕಡೆ ಗಂಡುಬೀರಿ ಎನ್ನುತ್ತಾರೆ. ಅವರು ಹುಟ್ಟಾ ಬಾಯಿಬಡುಕಿಯರೆಂದು ನಂಬಿಕೊಳ್ಳುವುದು ನಮಗೆ ಸುಖ. ಅವರ ಮೈಯನ್ನು ಕುರಿತು ಅವರ ಕಣ್ಣೆದುರೇ ಇನ್ನೊಬ್ಬರನ್ನು ಕೇಳುತ್ತ ಬಂದ ನಾವೇ ಆ ಬಾಯಿಯನ್ನು ತೆರೆಸಿದವರು. ತೆರೆಯದವರೋ ದಾರ ಉದ್ದ ಮಾಡಿಕೊಳ್ಳುತ್ತ ಮಣ್ಣಿಗೆ ಹೋದರು, ಅವರನ್ನು ನಾವು ಸಾಧ್ವಿಯರೆಂದು ಹೊಗಳಿದೆವು.

ಈಚೆಗೆ ಗುರುಲಿಂಗಯ್ಯನವರು ಬಂದು, ಎಂದಿನಂತೆ, "ಮನಿಯವರ ತಬ್ಯೇತ ಹ್ಯಾಂಗದ?" ಎಂದರು. ನಾಗೇಂದ್ರಪ್ಪ ಬಾಯಿ ತೆರೆದವರು ಹಾಗೆಯೇ ಮುಚ್ಚಿ, ಬಾಗಿಲ ಕಡೆ ನೋಡಿದರು. ಒಳಗಿನ್ನೂ ಸದ್ದು ಆಗಿರಲಿಲ್ಲ.

"ಆಕೀನೇ ಕೇಳ್ರಿ," ಎಂದರು.