ಸೂಗಮ್ಮನ ಹೋಟೆಲಿನ ಶಿರಾ

ನನ್ನ ಗಂಡ ಹೋಟೆಲಿನ ನೀರನ್ನೂ ಮುಟ್ಟದ ಮನುಷ್ಯ. ಮದುವೆಯಾದ ಹೊಸದರಲ್ಲಿ ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುತ್ತ ಕೂತಿದ್ದಾಗ ಒಬ್ಬ ಬಿಸಿ ಇಡ್ಲಿ ಮಾರುತ್ತ ನಮ್ಮ ಮುಂದೆಯೇ ಹಾದುಹೋದ. ನನ್ನ ಬಾಯಲ್ಲಿ ನೀರೂರಿತು. “ಒಂದು ಪ್ಲೇಟ್ ತಗೊಳ್ಳೂಣೇನ್ರಿ?” ಎಂದೆ. ಅವರು ಚೀಲ ಬಿಚ್ಚಿ, ನಮ್ಮತ್ತೆ ಕಟ್ಟಿಕೊಟ್ಟಿದ್ದ ಅವಲಕ್ಕಿಯ ಗಂಟನ್ನು ನನ್ನ ಮಡಿಲಿಗೆ ಹಾಕಿದರು. ಆ ಒಣ ಅವಲಕ್ಕಿ ಅಗಿಯುತ್ತ ಅತ್ತಿದ್ದೆ. ಇನ್ನೂ ಹುಡುಗಿ ನಾನು, ಅಳದೆ ಏನು ಮಾಡಲಿ?

ಮನೆಯಲ್ಲೂ ಅಷ್ಟೇ. ಅವರು ಮಡಿಯುಟ್ಟು ಪೂರ್ವಕ್ಕೆ ಮುಖ ಮಾಡಿ ಕೂತು ಉಂಡು ಏಳಬೇಕು, ಆಮೇಲೆ ನಾನು ಅಡುಗೆಮನೆಯ ಗೋಡೆ ನೋಡುತ್ತ ಉಣ್ಣಬೇಕು. ಗಂಡನ ಎದುರಿಗೆ ಕೂತು, ಮುಖ ನೋಡುತ್ತ, ಎರಡು ಮಾತಾಡುತ್ತ ಒಂದು ಹೊತ್ತು ಉಣ್ಣಬೇಕೆಂಬುದು ನನ್ನ ಆಸೆ. ನಗಬೇಡಿ. ಬಂಗಾರ ಕೇಳಿದ್ದರೆ ಹೇಗಾದರೂ ಮಾಡಿಸಿ ಕೊಡುತ್ತಿದ್ದರೇನೋ, ಇದನ್ನು ಮಾತ್ರ ಕೊಡಲಿಲ್ಲ.

ರಘುವೀರಾಚಾರ್ಯರು ಎಂದರೆ ಮಳಖೇಡದಿಂದ ಸೇಡಂವರೆಗೆ ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ಸಂಸ್ಕೃತದ ಮಾಸ್ತರರು, ಬೆಳಿಗ್ಗೆ ಸಂಜೆ ಗುಡಿಯ ಪೂಜೆ. ತಿಥಿ ಕೇಳಲು ಜನ ಮನೆ ಬಾಗಿಲಿಗೇ ಬರುತ್ತಿದ್ದರು. ಗೋಡೆಯ ಕ್ಯಾಲೆಂಡರ್ ನೋಡಿ ಹಬ್ಬ ಮಾಡುವವರನ್ನು ಕಂಡರೆ ಇವರಿಗೆ ಆಗುತ್ತಿರಲಿಲ್ಲ. ಒಮ್ಮೆ ಸಿಮೆಂಟ್ ಕಾಲನಿಯ ನಮ್ಮವರ ಹೆಂಗಸೊಬ್ಬಳು ಹಾಗೇ ಕ್ಯಾಲೆಂಡರ್ ನೋಡಿ ಏಕಾದಶಿ ಉಪವಾಸ ಮಾಡಿ, ಮರುದಿನ ಮುಂಜಾನೆ ಉಪವಾಸ ಬಿಡುವ ಪಾರಣೆಗೆಂದು ತೀರ್ಥ ಕೇಳಲು ಬಂದಳು.

“ಅವ್ವಾ, ನಿನ್ನೆ ಬೆಳಗಿನ ಜಾವ ದಶಮಿ ಇನ್ನೂ ಬಾಕಿ ಇತ್ತು,” ಎಂದರು ಇವರು. “ದಶಮಿ ತಾಕಿದ ಏಕಾದಶಿ ನಮಗ ನಡಿಯೂದಿಲ್ಲ. ನಮ್ಮ ಉಪವಾಸ ಇವತ್ತದ. ನಿನ್ನೆ ನೀವು ಸುಮ್ಮ ಹಸಕೊಂಡ್ರಿ, ಅಷ್ಟ.”

ಆಕೆ ಮುಖ ಸಣ್ಣದು ಮಾಡಿಕೊಂಡು ಹೋದಳು. ಇವರು ಒಳಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ತೊಂಬತ್ತೇಳನೇ ಇಸವಿಯಲ್ಲಿ ಅವರಿಗೆ ತುತ್ತು ನುಂಗಲು ತ್ರಾಸಾಗತೊಡಗಿತು. ಮೊದಲು ರೊಟ್ಟಿ ಇಳಿಯಲಿಲ್ಲ, ಆಮೇಲೆ ಅನ್ನ. ಕಲಬುರಗಿಯ ಡಾಕ್ಟರು ನೋಡಿ, ತಡಮಾಡದೆ ಹೈದರಾಬಾದಿಗೆ ಹೋಗಿ ಎಂದರು. ಸೇಡಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ನಾಂಪಲ್ಲಿಯಲ್ಲಿ ಇಳಿದೆವು. ಮಗಳು ಪ್ರಮಿತಾ ಬಾಣಂತಿ, ಜೊತೆಗೆ ಬರುವಂತಿರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಇವರ ಪಂಚಾಂಗ ದೇವರ ಮನೆಯಲ್ಲೇ ಉಳಿಯಿತು. ರೈಲು ತಾಂಡೂರು ದಾಟಿದ ಮೇಲೆ ನೆನಪಾಗಿ ಒದ್ದಾಡಿದರು. “ಪಂಚಾಂಗ ಹಚ್ಚಿ ಆಪರೇಷನ್ ಮಾಡ್ತಾರೇನು?” ಎಂದು ನಾನು ಗದರಿದೆ.

ಅನ್ನನಾಳದಲ್ಲಿ ಕ್ಯಾನ್ಸರು. ಅದನ್ನು ಡಾಕ್ಟರು ನನ್ನೊಬ್ಬಳಿಗೇ ಹೇಳಿದರು. ಇವರಿಗೂ ಗೊತ್ತಾಗಿತ್ತು, ಆದರೆ ಇಬ್ಬರೂ ಆ ಹೆಸರು ಎತ್ತಲಿಲ್ಲ.

ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಸೂಗಮ್ಮನ ಹೋಟೆಲು. ನಾಲ್ಕೇ ಮೇಜು. ಬಾಗಿಲಿಗೆ ಹಸಿರು ಬಣ್ಣ, ಕಿಟಕಿಯಲ್ಲಿ ತುಳಸಿಯ ಡಬ್ಬಿ, ಒಂದು ಮೂಲೆಯಲ್ಲಿ ಸಣ್ಣ ದನಿಯಲ್ಲಿ ರೇಡಿಯೋ. ಹೊರಗೆ ಆಟೋಗಳ ಗದ್ದಲ ಕಿವಿ ಹರಿಯುತ್ತಿದ್ದರೂ ಒಳಗೆ ಕಾಲಿಟ್ಟರೆ ಯಾರದೋ ಮನೆಯ ಪಡಸಾಲೆಗೆ ಬಂದಂತೆ. ಸೂಗಮ್ಮ ನಮ್ಮ ಕಾಳಗಿಯವಳು. ಇಡೀ ಊರು ತೆಲುಗು ಉರ್ದು ಮಾತಾಡುವಾಗ ಆಕೆಯ ಬಾಯಿಂದ “ಬರ್ರಿ ಅಕ್ಕೋರ, ಕುಂದ್ರಿ” ಎಂದು ಕೇಳಿದ ಮೊದಲ ದಿನ ನನ್ನ ಕಣ್ಣು ತುಂಬಿಬಿಟ್ಟಿತು. ಇವರ ಮೈ ಒರೆಸಲು ನಾನು ದಿನಾ ಅಲ್ಲಿಗೆ ಬಿಸಿನೀರಿಗೆ ಹೋಗುತ್ತಿದ್ದೆ. ನಾನು ಇಳಿದುಕೊಂಡಿದ್ದ ಧರ್ಮಶಾಲೆಯಲ್ಲಿ ಗಂಜಿ ನಾನೇ ಕಾಯಿಸುತ್ತಿದ್ದೆ.

“ಒಂದು ಕಪ್ ಚಾ ಆದ್ರೂ ಕುಡಿರಿ. ನಮ್ಮ ಕಡೀ ಮಂದಿ ನೀವು, ಒಣಾ ಬಾಯಿಲೆ ಹೋಗಬ್ಯಾಡ್ರಿ,” ಎಂದು ಆಕೆ ದಿನಾ ಅನ್ನುವುದು, ನಾನು ಬೇಡವೆನ್ನುವುದು. ಆ ಹೋಟೆಲಿನಿಂದ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಆಸ್ಪತ್ರೆಯ ಕಿಟಕಿಯವರೆಗೂ ಬರುತ್ತಿತ್ತು. ಇವರು ಮಲಗಿದಲ್ಲೇ ಮೂಗು ಅರಳಿಸುತ್ತಿದ್ದರು. ನೋಡಿದರೂ ನೋಡದವಳಂತೆ ಇರುತ್ತಿದ್ದೆ.

ಒಂದು ದಿನ ಬೆಳಿಗ್ಗೆಯಿಂದ ರಕ್ತ ತೆಗೆಯುವುದು, ಫೋಟೋ ಹಿಡಿಯುವುದು ಎಂದು ಖಾಲಿ ಹೊಟ್ಟೆಯಲ್ಲಿ ಕೂಡಿಸಿದ್ದರು. ಮಧ್ಯಾಹ್ನ ಡಾಕ್ಟರು ನಮ್ಮಿಬ್ಬರನ್ನೂ ಕರೆದು ಮೆಲ್ಲಗೆ ಹೇಳಿದರು. ಗಂಟಲ ದಾರಿ ಮುಚ್ಚುತ್ತ ಬಂದಿದೆ. ನಾಳೆ ಬೆಳಿಗ್ಗೆ ಹೊಟ್ಟೆಗೇ ನಳಿಕೆ ಹಾಕುತ್ತೇವೆ. ಇನ್ನು ಮುಂದೆ ಎಲ್ಲ ಅದರ ಮೂಲಕವೇ, ಬಾಯಿಂದ ಏನೂ ಇಲ್ಲ. ಇವತ್ತು ಸಂಜೆಯವರೆಗೆ ಮೆತ್ತಗಿನದು ಏನು ಬೇಕೋ ಅದನ್ನು ತಿನ್ನಲಿ, ಅವರ ಮನಸ್ಸಿಗೆ ಬಂದದ್ದು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ನನಗೆ ಎದೆ ಒಡೆದುಹೋಗಿತ್ತು. ಇವರು ಎದ್ದು ಶಲ್ಯ ಸರಿಮಾಡಿಕೊಂಡರು.

“ನಡಿ ಪದ್ಮಾ. ಆ ಹೋಟೆಲಿಗೆ ಹೋಗೂಣು.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. “ಎಲ್ಲಿಗೆ?”

“ಶಿರಾ ತಿನ್ನಬೇಕನಿಸೇದ. ಬಿಸಿ ಶಿರಾ. ನೀನೂ ಕುಂದ್ರು ನನ್ನ ಎದುರಿಗೆ.”

ಹೆಂಗಸರ ಬುದ್ಧಿ ನೋಡಿ. ಗಂಡ ಸಾಯಲು ಹೊರಟಿದ್ದಾನೆ, ನನಗೆ ಒಳಗೊಳಗೇ ಹಿಗ್ಗು. ಗಲ್ಲಿ ದಾಟುವಾಗ ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಯಾರ ಕೈಯ ಅಡುಗೆ, ಯಾವ ಪೈಕಿ ಎಂದು ಒಂದು ಮಾತು ಕೇಳಲಿಲ್ಲ. ಸೂಗಮ್ಮನೇ ಗಾಬರಿಯಾಗಿ ಕಿಟಕಿಯ ಪಕ್ಕದ ಮೇಜನ್ನು ಎರಡೆರಡು ಸಲ ಒರೆಸಿದಳು.

“ಆಚಾರ್ರು ನಮ್ಮ ಹೋಟೆಲಿಗಿ! ಏನ್ ಕೊಡ್ಲಿ ಅಕ್ಕೋರ?”

“ಅವರಿಗೆ ಶಿರಾ, ಮೆತ್ತಗ ಮಾಡು. ನನಗೊಂದು ಮಸಾಲಿ ದೋಸಿ,” ಎಂದೆ. ಹೇಳುವಾಗ ನನಗೇ ನಾಚಿಕೆಯಾಯಿತು.

ಶಿರಾ ಬಂತು. ಕೇಸರಿ ಬಣ್ಣ, ಮೇಲೆ ತುಪ್ಪ ಇನ್ನೂ ಗುಳುಗುಳು ಅನ್ನುತ್ತಿತ್ತು, ನಡುವೆ ಒಂದು ಗೋಡಂಬಿ. ಇವರು ನನ್ನ ಎದುರಿನ ಕುರ್ಚಿಯಲ್ಲಿ ಕೂತು ಆ ವಾಸನೆ ಎಳೆದುಕೊಂಡರು. ಮುಖದಲ್ಲಿ ಎಂಥ ಕಳೆ! ಎಷ್ಟೋ ತಿಂಗಳಿಂದ ಕಂಡಿರಲಿಲ್ಲ. ಅಂಗೈಗೆ ನೀರು ಹಾಕಿಕೊಂಡರು, ಊಟಕ್ಕೆ ಮುಂಚಿನ ಮಂತ್ರಕ್ಕೆ. ಹಾಕಿಕೊಂಡವರೇ ಒಂದು ಕ್ಷಣ ತಡೆದು, “ಪೂರ್ವ ಯಾ ಕಡಿ?” ಎಂದರು.

ಸೂಗಮ್ಮ ಕೈ ತೋರಿಸಿದಳು. ಇವರು ಎದ್ದು ಕುರ್ಚಿ ತಿರುಗಿಸಿ ಪೂರ್ವದ ಗೋಡೆಗೆ ಮುಖ ಮಾಡಿ ಕೂತರು. ಆ ಗೋಡೆಯ ಮೇಲೆ ಒಂದು ತೆಲುಗು ಕ್ಯಾಲೆಂಡರ್ ತೂಗುತ್ತಿತ್ತು.

ಇಷ್ಟು ವರ್ಷವಾದರೂ ಆ ಕುರ್ಚಿ ತಿರುಗಿದ ಸದ್ದು ನನ್ನ ಕಿವಿಯಲ್ಲಿದೆ. ನನ್ನ ಕಡೆಗೇ ಮುಖ ಮಾಡಿ ಕೂತಿದ್ದರೆ ಏನು ಗಂಟು ಹೋಗುತ್ತಿತ್ತು ಇವರದು!

ಕೈಯ ನೀರು ಹಾಗೇ ಸೋರಿಹೋಯಿತು. “ಇವತ್ತ ಏಕಾದಶಿ, ಪದ್ಮಾ. ಪಂಚಾಂಗ ಇಲ್ಲದ ತಿಥಿ ಲೆಕ್ಕಾನ ತಪ್ಪೇದ ನನಗ.”

ತಿರುಗಿ ನೋಡಿದೆ. ಕೆಂಪಕ್ಷರದಲ್ಲಿ ಬರೆದಿತ್ತು. ತೆಲುಗಾದರೂ ಓದಲು ಬರುತ್ತದಲ್ಲ.

“ಇರಲಿ ಬಿಡ್ರಿ,” ಎಂದೆ. “ರೋಗಿಗೆ ಉಪವಾಸ ಇಲ್ಲಂತ ಊರಿಗೆಲ್ಲ ನೀವ ಹೇಳ್ತಿದ್ದಿರಿ.”

“ಹೇಳ್ತಿದ್ದೆ. ಔಷಧಕ್ಕ ದೋಷ ಇಲ್ಲ. ಇದು ಔಷಧ ಅಲ್ಲ, ನಾಲಿಗಿ ಆಶಾ.”

“ಹೋಟೆಲಿನ ಮೆಟ್ಟಲಾ ಹತ್ತೂ ಮುಂದ ಎಲ್ಲಿ ಹೋಗಿತ್ತು ನಿಮ್ಮ ಶಾಸ್ತ್ರ?” ನನ್ನ ದನಿ ಏರಿತು. ಪಕ್ಕದ ಮೇಜಿನವರು ನೋಡಿದರು. ನೋಡಲಿ.

“ಅದನ್ನ ಬಿಟ್ಟೆ, ನಿನಗಂತ. ಏಕಾದಶಿ ಬಿಡ್ಲಿಕ್ಕೆ ಆಗೂದಿಲ್ಲ. ಮುಂಜಿ ಆದಾಗಿಂದ ಒಂದೂ ತಪ್ಪಿಸಿಲ್ಲ. ಹೋಗೂ ಟೈಮಿನ್ಯಾಗ ತಪ್ಪಿಸಲೇನು?”

“ನಾಳೆಯಿಂದ ಬಾಯಾಗ ಏನೂ ಇಲ್ಲರಿ! ಇವತ್ತೊಂದ ದಿವಸ ಅದ. ಒಂದ ತುತ್ತು. ನಿಮ್ಮ ಕಾಲ ಬೀಳ್ತೀನಿ.”

ನಿಜವಾಗಿಯೂ ಬಗ್ಗಿದೆ. ಅವರು ನನ್ನ ಭುಜ ಹಿಡಿದು ತಡೆದರು. ಕಣ್ಣಲ್ಲಿ ನೀರಿತ್ತು. ಅವರಿಗೂ ಬೇಕಾಗಿತ್ತು, ಬೇಡವೆಂದು ಯಾರು ಹೇಳಿದರು? ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

“ನಾಳೆ ದ್ವಾದಶಿ. ನಾಳೆ ನೀ ನನ್ನ ಮುಂದ ಕುಂತು ಇದನ್ನ ತಿನ್ನು. ನಾ ನೋಡ್ತೀನಿ. ಅಷ್ಟ ಸಾಕು ನನಗ.”

ನನ್ನ ದೋಸೆಯನ್ನು ಸೂಗಮ್ಮ ಹಂಚಿನಿಂದ ತೆಗೆಯಲೇ ಇಲ್ಲ. ಬಾಗಿಲವರೆಗೆ ಬಂದು, “ಎಂಥಾ ದೇವರ್ರಿ ಅಕ್ಕೋರ ನಿಮ್ಮದು,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಹೊತ್ತಿಗೆ ನನಗೂ ದೇವರ ಮೇಲೆ ಸಿಟ್ಟೇ ಬಂದಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೇ ಇವರನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ಹೋಗುವಾಗ, “ತೀರ್ಥಾ ತಗೊಂಡು ಪಾರಣಿ ಮಾಡು, ಉಪವಾಸ ಕೂಡಬ್ಯಾಡ,” ಎಂದು ಹೇಳಿಯೇ ಹೋದರು. ಎರಡು ಗಲ್ಲಿಯಾಚೆ ನಮ್ಮವರ ಮಠವಿತ್ತು. ಸ್ನಾನ ಮಾಡಿ ಅಲ್ಲಿಗೆ ಹೋದೆ. ದ್ವಾದಶಿ ಬೆಳಿಗ್ಗೆ ಮಠವೆಂದರೆ ಹೇಗಿರಬೇಕು? ಪಾತ್ರೆಗಳ ಸದ್ದು, ಒಗ್ಗರಣೆಯ ವಾಸನೆ, ಎಲೆ ಹಾಕಿ ಕೂತ ಜನ. ಅಲ್ಲಿ ಏನೂ ಇರಲಿಲ್ಲ. ಅಡುಗೆಮನೆಗೆ ಚಿಲಕ. ಮುದುಕ ಪರಿಚಾರಕರೊಬ್ಬರು ಅಂಗಳ ಗುಡಿಸುತ್ತಿದ್ದರು.

“ಪಾರಣೆಯ ತೀರ್ಥ ಬೇಕಿತ್ತು,” ಎಂದೆ.

“ಇವತ್ತೇ ಏಕಾದಶಿ ಅಲ್ಲವೇನಮ್ಮ? ಪಾರಣೆ ನಾಳೆ.”

“ನಿನ್ನೆ ಅಲ್ಲೇನ್ರಿ? ಕ್ಯಾಲೆಂಡರದಾಗ ಇತ್ತು.”

“ಕ್ಯಾಲೆಂಡರಿನದು ನಮಗೆ ಹೇಗೆ ಬರುತ್ತದೆ? ನಿನ್ನೆ ಬೆಳಗಿನ ಜಾವದವರೆಗೆ ದಶಮಿ ಇತ್ತು. ನಿನ್ನೆ ನಮ್ಮವರೆಲ್ಲ ಉಂಡಿದ್ದಾರೆ.”

ನಿನ್ನೆ ನಮ್ಮವರೆಲ್ಲ ಉಂಡಿದ್ದಾರೆ. ಊರಿಗೆಲ್ಲ ತಿಥಿ ಹೇಳಿದ ನನ್ನ ಗಂಡ ಒಬ್ಬರೇ ಉಣ್ಣಲಿಲ್ಲ. ಸಿಮೆಂಟ್ ಕಾಲನಿಯ ಆ ಹೆಂಗಸಿನ ಅಳುಮುಖ ಕಣ್ಣ ಮುಂದೆ ಬಂತು. ಹಾಳಾದ ಕ್ಯಾಲೆಂಡರ್! ಹಾಳಾದ ಪೂರ್ವದಿಕ್ಕು! ಓಡಿದೆ. ಆ ವಯಸ್ಸಿನಲ್ಲಿ ಸೀರೆ ಎತ್ತಿಕಟ್ಟಿ, ಆಟೋಗಳ ನಡುವೆ ನುಗ್ಗಿ ಓಡಿದೆ. ಇನ್ನೂ ಶುರುಮಾಡಿರದಿದ್ದರೆ ಡಾಕ್ಟರ ಕಾಲು ಹಿಡಿದಾದರೂ ನಿಲ್ಲಿಸಿ, ಒಂದು ಚಮಚ ಶಿರಾ ಬಾಯಿಗಿಟ್ಟು, ಆಮೇಲೆ ಏನಾದರೂ ಮಾಡಿಕೊಳ್ಳಿ ಎನ್ನಬೇಕೆಂದು. ಹೋಗುವಷ್ಟರಲ್ಲಿ ಮುಗಿದಿತ್ತು. ಹೊರಗೆ ತಂದು ಮಲಗಿಸಿದ್ದರು, ಹೊಟ್ಟೆಯಿಂದ ಒಂದು ರಬ್ಬರಿನ ನಳಿಕೆ ಬಂದಿತ್ತು.

ಸಂಜೆ ನರ್ಸಮ್ಮ ಆ ನಳಿಕೆಗೆ ಹಾಲು ಸುರಿದಳು. ಏಕಾದಶಿಯ ದಿನ. ಮುಂಜಿಯಾದಾಗಿನಿಂದ ಒಂದೂ ತಪ್ಪಿಸದವರ ಹೊಟ್ಟೆಗೆ ಹಾಲು ಇಳಿಯುವುದನ್ನು ನೋಡುತ್ತ ನಿಂತೆ. ಬೇಡವೆನ್ನಲು ಬಾಯಿ ತೆರೆದು ಮುಚ್ಚಿದೆ. ಏನೆಂದು ಹೇಳಲಿ?

ಅವರು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ತುಟಿ ಒಣಗಿ ಬಿರಿದಿತ್ತು.

“ಪಾರಣಿ ಆತೇನು?”

ಹೇಳಿಬಿಡಬೇಕೆಂದು ಗಂಟಲವರೆಗೆ ಬಂತು. ನೀವು ನಿನ್ನೆ ಸುಮ್ಮನೆ ಹಸಿದಿರಿ, ತಿನ್ನಬಹುದಾಗಿತ್ತು, ಇವತ್ತು ನಿಮ್ಮ ಹೊಟ್ಟೆಗೆ ಹಾಲು ಹಾಕಿದ್ದಾರೆ. ಹೇಳಿದ್ದರೆ ಆ ಮನುಷ್ಯನಿಗೆ ಉಳಿಯುವುದೇನು? ಬಾಯಿ ಹೋಗಿತ್ತು. ವ್ರತ ಒಂದೇ ಉಳಿದಿತ್ತು.

“ಇಲ್ಲ,” ಎಂದೆ. “ನಿಮ್ಮ ಮುಂದ ತಿನ್ನು ಅಂದಿದ್ದಿರಲ್ಲ.”

“ಹುಚ್ಚಿ. ಇಷ್ಟೊತ್ತನಕ? ಹೋಗು, ತಗೊಂಡು ಬಾ.”

ಸೂಗಮ್ಮನ ಹತ್ತಿರ ಹೋದೆ. ಆಕೆ ಏನೂ ಕೇಳದೆ ಬಿಸಿ ಶಿರಾ ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಮುಚ್ಚಿಕೊಟ್ಟಳು. ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕೂತೆ. ಪೂರ್ವವೋ ಪಶ್ಚಿಮವೋ ನೋಡಲಿಲ್ಲ. ಮದುವೆಯಾದಾಗಿನಿಂದ ನಾನೂ ಏಕಾದಶಿ ತಪ್ಪಿಸಿದವಳಲ್ಲ. ಕೃಷ್ಣಾ, ಪಾಪವಿದ್ದರೆ ನನಗಿರಲಿ ಎಂದುಕೊಂಡು ಮೊದಲ ತುತ್ತು ಬಾಯಿಗಿಟ್ಟೆ.

ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಅಗಿದಾಗ ಅವರ ದವಡೆಯೂ ಅಲುಗಿತು. ನಾನು ನುಂಗಿದಾಗ ಅವರ ಗಂಟಲೂ ಏರಿ ಇಳಿಯಿತು.

“ಹ್ಯಾಂಗದ?”

“ಛಲೋ ಅದರಿ. ಸಕ್ಕರಿ ಒಂದೀಟು ಜಾಸ್ತಿ ಆಗೇದ.”

“ತುಪ್ಪ?”

“ತುಪ್ಪ ಭಾಳ ಹಾಕ್ಯಾಳ.”

ಅವರು ನಕ್ಕರು. ಎಷ್ಟೋ ದಿನದ ಮೇಲೆ ಸಮಾಧಾನದಿಂದ ನಕ್ಕರು. “ನೋಡಿದೇನು? ಕಡೀಕೂ ಏಕಾದಶಿ ತಪ್ಪಿಸಲಿಲ್ಲ ನಾ.”

“ಹೌದ್ರಿ,” ಎಂದೆ.

ಡಬ್ಬಿ ಮುಚ್ಚಲು ಹೋದೆ.

“ಯಾಕ? ಇನ್ನೊಂದು ತುತ್ತು ತಗೋ,” ಎಂದರು. “ನನ್ನ ಪಾಲಿಂದು.”

ತಗೊಂಡೆ.